ಮುದುಕಿಯೂ ಮೀಸೆಯೂ

ಇದರಲ್ಲಿ ಕೂದಲೆಳೆಯಷ್ಟು ಸುಳ್ಳಿದ್ದರೂ ನನ್ನ ತಲೆಯ ಮೇಲೆ ಉಳಿದಿರುವ ನಾಲ್ಕು ಕೂದಲು ಈಗಲೇ ಉದುರಿಹೋಗಲಿ. ತನ್ನ ಭಾವಮೈದನ ಮೀಸೆಯ ಬಲಗಡೆಯನ್ನು ಚೊಕ್ಕವಾಗಿ ಕತ್ತರಿಸಿ, ಮೇಣ ಹಚ್ಚಿ, ಕೊಂಬಿನ ಹಾಗೆ ತಿರುವಿ ನಿಲ್ಲಿಸಿ, ಇನ್ನೇನು ಎಡಗಡೆಗೆ ಕತ್ತರಿ ಇಡಬೇಕು ಅನ್ನುವಾಗ ಕಟಿಂಗ್ ಅಂಗಡಿಯವನ ಕೈ ನಿಂತುಬಿಟ್ಟಿತು. ಕುರ್ಚಿಯಲ್ಲಿ ಕೂತಿದ್ದ ಭಾವಮೈದ ಒಂದೇ ಒಂದು ಮಾತು ಆಡಿದ್ದ. "ಪಾಪ" ಅಂದಿದ್ದ.

ಆ ಮೀಸೆ ಅಂತಿಂಥದ್ದಲ್ಲ. ದೊಡ್ಡ ಹೋಟೆಲಿನವರು ಅವನನ್ನು ಬಾಗಿಲು ತೆಗೆಯುವ ಕೆಲಸಕ್ಕೆ ಇಟ್ಟುಕೊಂಡದ್ದೇ ಅದನ್ನು ನೋಡಿ. ಬಂದವರು ಮೊದಲು ಮೀಸೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಆಮೇಲೆ ಒಳಗೆ ಹೋಗುತ್ತಿದ್ದರು. ಅವತ್ತು ಸಂಜೆ ಸಾಕ್ಷಾತ್ ಮಾಲೀಕರೇ ಬರುವವರಿದ್ದರು. ಮೀಸೆಯಲ್ಲಿ ಒಂಚೂರು ಹೆಚ್ಚುಕಮ್ಮಿಯಾದರೂ ಮನೆಗೆ ಹೋಗು ಅಂತ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿ ಕಳಿಸಿದ್ದ.

ಪಾಪ ಅಂದದ್ದು ಒಂದು ಪುಸ್ತಕದ ವಿಷಯಕ್ಕೆ. ಹೋಟೆಲಿನಲ್ಲಿ ಯಾರೋ ಬಿಟ್ಟುಹೋದದ್ದು, ತಲೆದಿಂಬಿನಷ್ಟು ದಪ್ಪ. ಭಾವಮೈದ ಅದನ್ನು ಭಾವನಿಗೆ ದಾಟಿಸಿದ್ದ. ಒಳಗೆ ಒಂದು ಕತ್ತಲ ರಾಜ್ಯ. ಅಲ್ಲಿ ಹೊಳೆ ಗುಡ್ಡ ಹತ್ತುತ್ತದೆ, ಸತ್ತವರು ಕಾವಲು ಕಾಯುತ್ತಾರೆ, ಬಡವರು ತಮ್ಮ ನೆರಳನ್ನು ಅಡವಿಟ್ಟು ಹೊಟ್ಟೆ ಹೊರೆಯುತ್ತಾರೆ. ಹರಿದ ನೆರಳನ್ನು ಮತ್ತೆ ಅವರ ಕಾಲಿಗೆ ಹೊಲಿದುಕೊಡುವವಳು ಒಬ್ಬಳೇ ಒಬ್ಬಳು ಮುದುಕಿ. ಅಂಗಡಿಯವನಿಗೆ ಅವಳೆಂದರೆ ಪ್ರಾಣ. ಪುಸ್ತಕದಲ್ಲಿದ್ದ ನಕ್ಷೆಯನ್ನು ಕನ್ನಡಿ ಪಕ್ಕ ಅಂಟಿಸಿ, ಬಂದ ಗಿರಾಕಿಗಳಿಗೆಲ್ಲ ಅವಳು ನಡೆದ ದಾರಿಯನ್ನು ಬಾಚಣಿಗೆ ತುದಿಯಿಂದ ತೋರಿಸುತ್ತಿದ್ದ. ದಿನಾ ಬಂದು ಬೆಂಚಿನ ಮೇಲೆ ಕೂರುವ ತಾತನಿಗಂತೂ ಅದೆಲ್ಲ ಪಕ್ಕದೂರಿನ ಸುದ್ದಿಯೇ ಆಗಿಹೋಗಿತ್ತು.

"ಎಲ್ಲೀವರೆಗೆ ಬಂತು ಭಾವ?" ಎಂದು ಭಾವಮೈದ ಕೇಳಿದ್ದ. "ಮುದುಕಿ ದೊರೆಯ ನೆರಳು ಹೊಲಿಯೋಕೆ ಎಲುಬಿನ ಕೋಟೆ ಒಳಗೆ ಹೋದ್ಲು" ಎಂದು ಇವನು ಹೇಳಿದ್ದ. ಅದಕ್ಕೆ ಅವನ ಬಾಯಿಂದ ಬಂದದ್ದು ಆ ಪಾಪ.

"ಯಾಕೋ ಪಾಪ ಅಂದೆ?"

"ಸುಮ್ನೆ ಅಂದೆ ಭಾವ."

"ಸುಮ್ನೆ ಯಾರಾದ್ರೂ ಪಾಪ ಅಂತಾರಾ? ಸಾಯ್ತಾಳಾ ಅವಳು?"

"ಹೇಳ್ಲಾ?"

"ಹೇಳಿದ್ರೆ ಬಲಗಡೆ ಮೀಸೆನೇ ತೆಗೆದುಬಿಡ್ತೀನಿ ನೋಡು."

"ಸರಿ, ಹೇಳಲ್ಲ. ಬೇಗ ಎಡಗಡೆ ಮುಗಿಸಿ."

"ಹೆಂಗೋ ಮುಗಿಸ್ಲಿ? ಮನಸ್ಸೆಲ್ಲ ಆ ಕೋಟೇಲಿದೆ. ಇದು ಸೊಟ್ಟ ಆದ್ರೆ ನಿಮ್ಮಕ್ಕ ನನ್ನನ್ನ ಮನೆ ಒಳಗೆ ಬಿಡ್ತಾಳಾ?"

"ಆ ದೊರೆ ಮನುಷ್ಯ ಸರಿ ಇಲ್ಲಪ್ಪ" ಎಂದ ತಾತ, ಬೆಂಚಿನಿಂದ. "ಹೋಗ್ಬೇಡ ಅಂತ ಅವಳಿಗೆ ಮನೇಲಿ ಯಾರೂ ಹೇಳ್ಲಿಲ್ವಾ?"

ಹೇಳಿದರೆ ಕಷ್ಟ, ಹೇಳದಿದ್ದರೆ ಕತ್ತರಿ ಏಳುವುದಿಲ್ಲ. ಕೊನೆಗೆ ಅಂಗಡಿಯವನಿಗೇ ಒಂದು ಉಪಾಯ ಹೊಳೆಯಿತು. ಪುಸ್ತಕ ತಂದು ಭಾವಮೈದನ ಮಡಿಲಿಗೆ ಹಾಕಿದ. "ನೀನು ಗಟ್ಟಿಯಾಗಿ ಓದು. ಕೇಳ್ತಾ ಕೇಳ್ತಾ ನಾನು ಮುಗಿಸ್ತೀನಿ. ಆದ್ರೆ ಮೀಸೆ ಅಲ್ಲಾಡಬಾರ್ದು."

ಮೀಸೆ ಅಲ್ಲಾಡದ ಹಾಗೆ ಓದುವುದೆಂದರೆ ಮೂಗಿನಿಂದಲೇ ಓದಬೇಕು. ಹಾಗೇ ಓದಿದ. ನಾಲ್ಕು ಸಾಲಿಗೆ ಓದು ನಿಂತಿತು. ಅಂಗಡಿಯವನು ಕನ್ನಡಿಯಲ್ಲಿ ನೋಡಿದರೆ ಆನೆಯಂಥ ಆಳಿನ ಕಣ್ಣ ತುಂಬ ನೀರು.

"ಏನೋ ಇದು? ಪೂರ್ತಿ ಓದಿದೀನಿ ಅಂದಿದ್ದೆ?"

"ಇಲ್ಲೀವರೆಗೆ ಓದಿದ್ದೆ ಭಾವ. ಮುಂದೆ ಓದೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ನಿಮ್ಗೆ ಕೊಟ್ಟಿದ್ದು."

ಅಂಗಡಿಯವನು ಅವನ ಹೆಗಲ ಮೇಲೊಮ್ಮೆ ಕೈಯಿಟ್ಟು, "ಓದು, ನಾನಿದೀನಿ" ಎಂದ. ಕೋಟೆಯ ಬಾಗಿಲು ಕಿರುಗುಟ್ಟಿ ತೆರೆಯಿತು. ಒಳಗಿನ ಗಾಳಿ ಎಂಥ ಗಾಳಿ ಅಂತೀರಿ, ತಾತ ಎದ್ದು ಹೋಗಿ ಫ್ಯಾನ್ ಆರಿಸಿದ. ಯಾರೋ ತಲೆ ಒಳಗೆ ಹಾಕಿ "ಶೇವಿಂಗ್ ಆಗುತ್ತಾ?" ಎಂದರೆ ಮೂವರೂ ಒಟ್ಟಿಗೆ ಕೈ ಬೀಸಿ ಅಟ್ಟಿದರು. ಮುದುಕಿ ನೆಲಕ್ಕೆ ಕೂತು ಸೂಜಿಗೆ ದಾರ ಪೋಣಿಸಿದಳು. ಇತ್ತ ಕತ್ತರಿ ಮೀಸೆಯ ತುದಿಯಲ್ಲಿ ನವಿರಾಗಿ ಆಡುತ್ತಿತ್ತು. ಮುದುಕಿ ಕೊನೆಯ ಹೊಲಿಗೆ ಹಾಕಿ ದಾರ ಕಡಿದಳು. ಅವಳು ತಲೆ ಎತ್ತುವ ಮೊದಲೇ ದೊರೆ ಹಿಂದಿನಿಂದ ಕತ್ತಿ ಎತ್ತಿದ. ಭಾವಮೈದ ಹಾಳೆ ಮಗುಚಿದ. ಆ ಹಾಳೆಯ ನಡುವೆ ಒಂದೇ ಒಂದು ಸಾಲಿತ್ತು.

"ಉಳಿದದ್ದು ಎರಡನೇ ಭಾಗದಲ್ಲಿ."

ಕಚಕ್.

"ಎಡಗಡೆ ಪೂರ್ತಿ ಹೋಯ್ತಲ್ಲಪ್ಪಾ" ಎಂದ ತಾತ.

ಭಾವಮೈದ ಕನ್ನಡಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಒಂದೆರಡು ಹಾಳೆಯಾದರೂ ಉದುರಲಿ ಅಂತ ಪುಸ್ತಕವನ್ನು ತಲೆಕೆಳಗೆ ಹಿಡಿದು ಜಾಡಿಸುತ್ತಿದ್ದ.

ಸಂಜೆ ಮಾಲೀಕರ ಕಾರು ಬಂದಾಗ ಬಾಗಿಲಲ್ಲಿ ನಿಂತದ್ದು ಬಲಗಡೆಯನ್ನೂ ಬೋಳಿಸಿಕೊಂಡ ಮುಖ. ಮ್ಯಾನೇಜರ್ ಕಂಬದ ಹಿಂದೆ ಅಡಗಿದ. "ಮೀಸೆ ಎಲ್ರೀ?" ಎಂದರು ಮಾಲೀಕರು. ಇವನು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ನೆರಳು, ಕೋಟೆ, ಸೂಜಿ, ದೊರೆ ಎತ್ತಿದ ಕತ್ತಿ. ಮಾಲೀಕರು ಒಂದು ಕಾಲು ಹೊಸ್ತಿಲೊಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡೇ ಅಷ್ಟನ್ನೂ ಕೇಳಿದರು.

"ಆಮೇಲೆ?"

"ಎರಡನೇ ಭಾಗದಲ್ಲಿದೆ ಸಾರ್."

"ಹುಡುಕಿ ತಗೊಂಬಾ" ಎಂದರು ಮಾಲೀಕರು. "ಸಿಕ್ಕಿದ್ರೆ ಕೆಲಸ ಇದೆ. ಇಲ್ದಿದ್ರೆ ಮೀಸೆ ಹೋದ ಕಡೆ ನೀನೂ ಹೋಗು."

ಹೀಗಿದೆ ನೋಡಿ ಸಮಾಚಾರ. ಒಬ್ಬ ಸಂಸಾರಸ್ಥನ ಅನ್ನದ ಪ್ರಶ್ನೆ. ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮ ಕಪಾಟಿನಲ್ಲಿ ಆ ಎರಡನೇ ಭಾಗ ಇದ್ದರೆ ಕೊಟ್ಟುಬಿಡಿ. ನೀವೇನಾದರೂ ಆಗಲೇ ಓದಿದ್ದರೆ, ಆ ಮುದುಕಿ... ಬೇಡ, ಬಾಯಿ ಬಿಡಬೇಡಿ. ಹೌದೋ ಇಲ್ಲವೋ ಅಂತ ತಲೆ ಅಲ್ಲಾಡಿಸಿ, ಸಾಕು.