ಮಲ್ವಾಸಿಯಾ ಸಾಲದು

"ಸಾಲದು. ಇನ್ನೊಂದಿಷ್ಟು ಮಲ್ವಾಸಿಯಾ ಹಾಕು," ಎಂದು ಎಜಿದಿಯೊ ಮತ್ತೆ ಗ್ಲಾಸು ಕೆಳಗಿಟ್ಟಾಗ ಮಗಳು ದೋರಿನಾಳ ತಾಳ್ಮೆ ಕೆಟ್ಟಿತು.

"ಅಪ್ಪ, ಇದು ವೈನೋ, ಮದುಮಗಳ ಸೆಂಟೋ? ಬೆಳಗಿನಿಂದ ಸುರೀತಾನೇ ಇದ್ದೀನಿ. ನಾಳೆ ಬಾಟಲಿಗೆ ತುಂಬಬೇಕು!"

"ಈ ಗ್ಲಾಸು ಮೊದಲು ನಿನ್ನಜ್ಜನದು, ಈಗ ನನ್ನದು. ನಿನ್ನ ಕೈಗೆ ಬಂದ ದಿನ ನಿನಗೆ ತೋಚಿದ ಹಾಗೆ ಬೆರೆಸು. ಈಗ ಸುಮ್ಮನೆ ಹಾಕಮ್ಮ."

ಇಟಲಿಯ ಕೊರ್ಮೊನ್ಸಿನ ಆ ನೆಲಮಾಳಿಗೆಯಲ್ಲಿ ಮೂರು ಜಾತಿಯ ದ್ರಾಕ್ಷಿಯ ವೈನು ಬೇರೆಬೇರೆ ಪೀಪಾಯಿಗಳಲ್ಲಿತ್ತು. ಮೂರನ್ನೂ ಬೆರೆಸಿದಾಗ ಫ್ರಿಯುಲಾನೋ ವೈನಿಗೆ ತುಂಬಿದ ಮೈ ಕೊಟ್ಟು ಕೊನೆಗೆ ಬಾದಾಮಿಯ ಸಣ್ಣ ಕಹಿ ಉಳಿಸಬೇಕು. ರಿಬೊಲ್ಲಾ ಹುಳಿ ಕೊಡಬೇಕು. ಮಲ್ವಾಸಿಯಾ ಹೂವಿನ ಪರಿಮಳವನ್ನು ಬರೀ ಸೋಕಿಸಿ ಹೋಗಬೇಕು. ಅಪ್ಪನ ಮಾತು ಕೇಳಿದರೆ ವರ್ಷದ ವೈನೆಲ್ಲ ಕೆಡುತ್ತಿತ್ತು. ದೋರಿನಾ ಅವನ ಗ್ಲಾಸನ್ನು ಚೆಲ್ಲಿ, ಬರೀ ರಿಬೊಲ್ಲಾ ಬಗ್ಗಿಸಿ ಮುಂದೆ ಕುಕ್ಕಿದಳು. "ತಗೋ, ಬೇಕಾದಷ್ಟು ಮಲ್ವಾಸಿಯಾ ಹಾಕಿದ್ದೀನಿ." ಈಗಲಾದರೂ ಬೈಯಲಿ, ಜಗಳ ಮುಗಿಯಲಿ ಎಂದುಕೊಂಡಳು.

ಎಜಿದಿಯೊ ಕಣ್ಣು ಮುಚ್ಚಿ ತುಂಬ ಹೊತ್ತು ಮೂಸಿದ. "ಹಾಂ, ಈಗ ಬಂತು ನೋಡು ಹೂವಿನ ವಾಸನೆ!"

ಗ್ಲಾಸಿನಲ್ಲಿ ಮಲ್ವಾಸಿಯಾದ ಹನಿಯೂ ಇರಲಿಲ್ಲ. ದೋರಿನಾಗೆ ಬೆಳಗಿನದು ನೆನಪಾಯಿತು. ಬೆಳಿಗ್ಗೆ ಒಲೆಯ ಮೇಲೆ ಕಾಫಿ ಸೀದು ಕರಕಲಾದಾಗ ಅವನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಚಳಿಗಾಲದಲ್ಲಿ ಅವನಿಗೆ ಬಂದ ಜ್ವರ ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ಒಯ್ದಿತ್ತು. ಅವನು ಯಾರಿಗೂ ಹೇಳಿರಲಿಲ್ಲ.

ದೋರಿನಾ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಅಪ್ಪ, ಅಜ್ಜನ ಕಾಲದ ವೈನು ಹೇಗಿರ್ತಿತ್ತು ಅಂತ ನೀನು ಹೇಳ್ತಾ ಹೋಗು. ನಾನು ಮೂಸ್ತೀನಿ."

ಎಜಿದಿಯೊ ಅವಳ ಮುಖ ನೋಡಲಿಲ್ಲ. ಗ್ಲಾಸನ್ನು ಮೆಲ್ಲಗೆ ಅವಳ ಕಡೆ ಸರಿಸಿದ.