ಎಡಗಡೆಯ ಬಾಗಿಲು

ಮಂಗಳವಾರವೆಂದು ಒಮ್ಮೆ, ಅಮಾವಾಸ್ಯೆಯೆಂದು ಇನ್ನೊಮ್ಮೆ ವಾಪಸು ಕಳಿಸಿದ್ದ ಮನುಷ್ಯ ಬುಧವಾರ ಬೆಳಿಗ್ಗೆ ಮತ್ತೆ ಬಂದು ಗೇಟು ತಟ್ಟಿದ. ವೃಷಭೇಂದ್ರಪ್ಪನವರು ಗೋಡೆಯ ಕ್ಯಾಲೆಂಡರಿನತ್ತ ಕಣ್ಣು ಹಾಯಿಸಿದರು. ಯಾವ ನೆಪವೂ ಸಿಗಲಿಲ್ಲ. ಹಾಳಾದ ರಾಹುಕಾಲ ಕೂಡ ಮಧ್ಯಾಹ್ನಕ್ಕಿತ್ತು. ಜೀವಮಾನವಿಡೀ ಪಂಚಾಂಗ ನೋಡುವವರನ್ನು ಗೇಲಿ ಮಾಡಿಕೊಂಡು ಬಂದ ಆಸಾಮಿ, ಕಾರು ಮಾರುವ ಮಾತು ಎದ್ದಾಗಿನಿಂದ ಒಳ್ಳೆಯ ದಿನ ಕೆಟ್ಟ ದಿನ ಎಂದು ಒದ್ದಾಡುತ್ತಿದ್ದರು.

ಪೋರ್ಟಿಕೋದಲ್ಲಿದ್ದದ್ದು ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ, ಕಡುಗೆಂಪು ಬಣ್ಣದ ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕಾರು. ಚಾಮರಾಜಪೇಟೆಯಲ್ಲಿ ಅವರ ಹೆಸರು ಗೊತ್ತಿಲ್ಲದವರಿಗೂ ಕೆಂಪು ಕಾರಿನವರು ಎಂದರೆ ಗೊತ್ತಾಗುತ್ತಿತ್ತು. ಮದುವೆಯಾದ ವರ್ಷ ಕೊಂಡದ್ದು. ಅಂದಿನಿಂದ ಮೆಕ್ಯಾನಿಕ್ಕಿಗೂ ಅದರ ಸ್ಟಿಯರಿಂಗ್ ಬಿಟ್ಟುಕೊಟ್ಟವರಲ್ಲ. ಈಗ ಎಡ ಮಂಡಿಗೆ ಆಪರೇಷನ್ ಆಗಿತ್ತು. ಇನ್ನು ಕ್ಲಚ್ ತುಳಿಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ ದಿನ, ಹೆಂಡತಿ ಗುರುಬಸಮ್ಮ ಓಡಿಸುತ್ತಿದ್ದ ಮನೆಯ ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, “ಇನ್ನು ಅದನ್ನ ಓಡ್ಸೋರು ಯಾರಿದಾರೆ? ಮಾರಿಬಿಡೋಣ” ಎಂದಿದ್ದರು. ಗುರುಬಸಮ್ಮ ಗೇರು ಬದಲಿಸಿದ್ದರು.

ಕೊಳ್ಳಲು ಬಂದಿದ್ದವನು ಶೇಷಾದ್ರಿಪುರಂನ ಕೈಲಾಸ್. ಹಳೆಯ ಕಾರೆಂದರೆ ಪ್ರಾಣ ಬಿಡುವ ಜಾತಿ. ಬಾನೆಟ್ ಎತ್ತಿ, ಬಗ್ಗಿ, ಮೂಸಿ, ಕೊನೆಗೆ ಎಡಗಡೆಯ ಬಾಗಿಲಿನ ಹತ್ತಿರ ಬಂದು ನಿಂತ. ಬಾಗಿಲಿನ ಮೇಲಂಚಿನಲ್ಲಿ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಮಾತ್ರ ಬಣ್ಣ ಮಾಸಿತ್ತು.

“ಸರ್, ಇಲ್ಲೊಂದೇ ಕಡೆ ಯಾಕೆ ಹೀಗಾಗಿದೆ?”

“ಅದೊಂದು ಕೇಳ್ಬೇಡಿ. ನಮ್ಮನೆಯವರು ಕೂತಾಗೆಲ್ಲ ಅಲ್ಲೇ ಕೈ. ಪಾಲಿಶ್ ಮೇಲೆ ಕೈ ಇಡ್ಬೇಡ ಅಂತ ಬಾಯಿ ನೋಯೋವರ್ಗೂ ಹೇಳಿದೀನಿ. ಕೇಳಿದ್ರೆ ತಾನೆ!” ಎಂದರು ವೃಷಭೇಂದ್ರಪ್ಪ. ಜಗಲಿಯಲ್ಲಿ ಅವರೆಕಾಳು ಹಿತಕುತ್ತ ಕೂತಿದ್ದ ಗುರುಬಸಮ್ಮ ತಲೆ ಎತ್ತಲಿಲ್ಲ.

“ಒಂದು ರೌಂಡ್ ಹೋಗ್ಬರೋಣ್ವಾ ಸರ್?”

ವೃಷಭೇಂದ್ರಪ್ಪನವರು ಒಲ್ಲದ ಮನಸ್ಸಿನಿಂದ ಕೀ ಕೊಟ್ಟರು. ಕುಂಟುತ್ತ ಆಚೆ ಬದಿಗೆ ಹೋಗಿ ಕೂತರು. ತಮ್ಮದೇ ಕಾರಿನ ಎಡಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. ಕೂತಲ್ಲಿ ಕೂರಲಾಗಲಿಲ್ಲ. ಕೈಲಾಸ್ ಗೇರು ಹಾಕಿದಾಗಲೆಲ್ಲ ನೋಯುವ ಕಾಲು ತಾನಾಗಿಯೇ ಕ್ಲಚ್ಚು ಹುಡುಕಿತು. ನಿಧಾನ, ಹಳ್ಳ ಇದೆ, ಆಟೋ ಬರ್ತಿದೆ ಎಂದು ದಾರಿಯುದ್ದಕ್ಕೂ ಬಡಬಡಿಸಿದರು. ಮಕ್ಕಳ ಕೂಟ ಸರ್ಕಲ್ಲಿನ ಹತ್ತಿರ ಕೈಲಾಸ್ ಬಲಕ್ಕೆ ತಿರುಗಿಸಿದ್ದೇ ತಡ, ಅವರ ಮಗ್ಗುಲಿನ ಬಾಗಿಲು ಫಟ್ಟನೆ ತೆರೆದುಕೊಂಡಿತು. ಪಕ್ಕದಲ್ಲೇ ರಸ್ತೆ ಓಡುತ್ತಿತ್ತು. ಹಿಂದೆ ಬರುತ್ತಿದ್ದ ಸ್ಕೂಟರಿನವನು ಕಿರುಚಿದ. ವೃಷಭೇಂದ್ರಪ್ಪ “ಅಯ್ಯೋ ಶಿವನೇ” ಎಂದು ಬಾಗಿಲನ್ನು ಎಳೆದು ಗಟ್ಟಿಯಾಗಿ ಹಿಡಿದುಕೊಂಡರು.

ಕೈಲಾಸ್ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಬಾಗಿಲಿನ ಲಾಕ್ ನೋಡಿದ. “ಪೂರ್ತಿ ಸವೆದಿದೆ ಸರ್. ಬಲಕ್ಕೆ ತಿರುಗ್ದಾಗೆಲ್ಲ ಬಿಟ್ಕೊಳ್ಳುತ್ತೆ. ಇವತ್ತು ನಿನ್ನೆದಲ್ಲ ಇದು, ತುಂಬಾ ಹಳೇದು. ಈ ಕಡೆ ಕೂತೋರು ಯಾರೂ ಹೇಳ್ಲಿಲ್ವಾ?”

ವೃಷಭೇಂದ್ರಪ್ಪನವರು ಬಾಗಿಲನ್ನು ಹಿಡಿದಿದ್ದ ತಮ್ಮ ಕೈಯನ್ನೇ ನೋಡುತ್ತಿದ್ದರು. ನಾಲ್ಕು ಬೆರಳುಗಳೂ ಬಣ್ಣ ಮಾಸಿದ ಜಾಗದಲ್ಲಿ ಸರಿಯಾಗಿ ಕೂತಿದ್ದವು. ಮನೆ ಬರುವವರೆಗೂ ಅವರು ಆ ಕೈ ತೆಗೆಯಲಿಲ್ಲ. ಹೆಂಡತಿಯ ಮುಖ ನೋಡುವುದು ಹೇಗೆಂದು ನಾಚಿಕೆಯಾಗುತ್ತಿತ್ತು.

ಕಾರಿನಿಂದಿಳಿದವರೇ ಜಗಲಿಯ ಮುಂದೆ ಹೋಗಿ ನಿಂತರು. “ಬಾಗಿಲು ಬಿಟ್ಕೊಳ್ಳುತ್ತೆ ಅಂತ ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದ್ದೆ. ಮದುವೆ ಹೊಸದ್ರಲ್ಲಿ, ಶಿವಗಂಗೆಗೆ ಹೋಗುವಾಗ. ‘ಗಾಡಿಗೇನಾಗಿದೆ? ನಿನಗೆ ಬಾಗಿಲು ಹಾಕೋಕೆ ಬರಲ್ಲ’ ಅಂದ್ರಿ.”

“ಆಮೇಲೆ?”

“ಆಮೇಲೇನು, ಹಿಡ್ಕೊಂಡೆ.”

“ಅಕ್ಷಯಾ ಹೊಟ್ಟೇಲಿದ್ದಾಗ್ಲೂ?”

“ಆಗ ಎರಡೂ ಕೈಲಿ” ಎಂದರು ಗುರುಬಸಮ್ಮ, ಇನ್ನೊಂದು ಕಾಳು ಹಿತಕುತ್ತ.

ಇವರಿಬ್ಬರ ನಡುವೆ ಸಿಕ್ಕಿಕೊಂಡ ಕೈಲಾಸ್ ಕಾಲು ಬದಲಿಸಿ ನಿಂತ. “ಸರ್, ಲಾಕ್ ನಾನೇ ಹಾಕಿಸ್ಕೋತೀನಿ. ಕೊಡ್ತೀರಾ ಇಲ್ವಾ, ಅದೊಂದು ಹೇಳಿ.”

“ನನ್ನ ಕೇಳ್ಬೇಡಿ. ಅವಳನ್ನೇ ಕೇಳಿ.”

ಗುರುಬಸಮ್ಮ ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲಿಳಿದು ಬಂದರು. ಗಂಡನ ಕಡೆ ನೋಡದೆ ಕೈಲಾಸನ ಮುಂದೆ ಅಂಗೈ ಚಾಚಿದರು. “ಕೀ ಕೊಡಪ್ಪಾ. ಮಾರೋದು ಬಿಡೋದು ಆಮೇಲೆ ಹೇಳ್ತೀನಿ. ಒಂದ್ಸಲ ಓಡ್ಸಿ ನೋಡ್ಬೇಕು ನಾನು.”

“ನೀನಾ? ಇದರ ಕ್ಲಚ್ಚು ಬಲು ಬಿಗಿ ಕಣೇ...” ಎಂದು ವೃಷಭೇಂದ್ರಪ್ಪ ಬಾಯಿ ತೆರೆಯುವಷ್ಟರಲ್ಲಿ ಗುರುಬಸಮ್ಮ ಒಳಗೆ ಕೂತು, ಸೀಟು ಮುಂದಕ್ಕೆಳೆದುಕೊಂಡು, ಕನ್ನಡಿಯನ್ನು ತಮ್ಮ ಎತ್ತರಕ್ಕೆ ತಿರುಗಿಸಿಕೊಂಡಾಗಿತ್ತು. ಇಂಜಿನ್ನು ಒಂದೇ ಸಲಕ್ಕೆ ಗುರ್ರೆಂದಿತು.

“ಹತ್ತಿ” ಎಂದರು.

ವೃಷಭೇಂದ್ರಪ್ಪ ಹತ್ತಿದರು. ಬಾಗಿಲನ್ನು ಒಮ್ಮೆ ಎಳೆದರು, ನಂಬಿಕೆ ಬಾರದೆ ಮತ್ತೊಮ್ಮೆ ಎಳೆದರು. ಕೈಲಾಸ್ ಗೇಟಿನ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕಾರು ರಸ್ತೆಗಿಳಿದು ಮೊದಲ ಕ್ರಾಸಿನಲ್ಲೇ ಬಲಕ್ಕೆ ಹೊರಳಿತು. ವೃಷಭೇಂದ್ರಪ್ಪ ಎರಡೂ ಕೈಯಿಂದ ಬಾಗಿಲನ್ನು ಅಪ್ಪಿ ಹಿಡಿದರು.

ಗುರುಬಸಮ್ಮ ರಸ್ತೆಯಿಂದ ಕಣ್ಣು ಕೀಳದೆ ಹೇಳಿದರು:

“ರೀ, ಪಾಲಿಶ್ ಮೇಲೆ ಕೈ ಇಡ್ಬೇಡಿ.”