ವಿಶಾಖಾ ಡಾಕ್ಟರ ಕೈಗುಣ

ಹಸಿರು ಬಟ್ಟೆ ಚಂದ್ರಾಬಾಯಿಯ ಹಣೆ, ಕಣ್ಣುಗಳನ್ನು ಮುಚ್ಚಿ ಬಾಯಿಯನ್ನಷ್ಟೇ ಹೊರಗೆ ಬಿಟ್ಟಿತು. ಬಟ್ಟೆಯ ಕೆಳಗಿನಿಂದಲೇ ಅವಳು ಇನ್ನೊಮ್ಮೆ ಕೇಳಿದಳು.

"ಅಕ್ಕಾರ, ನೀವ ಮಾಡ್ತೀರಲ್ರಿ? ಕಲಿಯೂ ಹುಡುಗ್ರ ಕೈಯಾಗ ಕೊಡಬ್ಯಾಡ್ರಿ."

"ನಾನ ಮಾಡ್ತೀನಿ ಯವ್ವಾ. ಬಾಯಿ ತಗಿ," ಎಂದಳು ಡಾಕ್ಟರ್ ವಿಶಾಖಾ.

ಆಡುವಾಗ ಆ ಮಾತು ಸುಳ್ಳಾಗಿರಲಿಲ್ಲ. ವಿಜಯಪುರದ ದಂತ ಕಾಲೇಜಿನಲ್ಲಿ ಬಾಯಿಯ ಶಸ್ತ್ರಚಿಕಿತ್ಸೆ ಕಲಿಸುವ ವಿಶಾಖಾಳಿಗೆ ತಿಕೋಟಾದಲ್ಲಿ ಸ್ವಂತ ದವಾಖಾನೆ ಇತ್ತು, ಸಂಜೆಯೆಲ್ಲ ಅಲ್ಲೇ. ಕಳ್ಳಕವಟಗಿಯ ಚಂದ್ರಾಬಾಯಿ ಮೊದಲು ಬಂದದ್ದೂ ಅಲ್ಲಿಗೆ. ಕೆಳದವಡೆಯ ಎರಡೂ ಬದಿಯ ಕಡೆಯ ಹಲ್ಲುಗಳು ಹುಟ್ಟಲು ಜಾಗ ಸಾಲದೆ ಅಡ್ಡ ಮಲಗಿದ್ದವು. ಎಡಗಡೆಯದು ಎಲುಬಿನಲ್ಲಿ ಹೂತಿದೆ, ಅದಕ್ಕೆ ಕಾಲೇಜಿಗೇ ಬಾ ಎಂದಾಗ ಚಂದ್ರಾಬಾಯಿ ಹಿಂದೆಗೆದಳು. ಅವಳ ನೆಗೆಣ್ಣಿ ಎಲ್ಲೋ ಕಲಿಯುವ ಹುಡುಗರ ಕೈಯಲ್ಲಿ ಹಲ್ಲು ಕೀಳಿಸಿಕೊಂಡು ವಾರಗಟ್ಟಲೆ ಗಂಜಿ ಕುಡಿದಿದ್ದಳಂತೆ. ಔಷಧ ಎಲ್ಲ ಕಡೆಯೂ ಒಂದೇ, ಬೇರೆಯಾಗುವುದು ಕೈಗುಣ ಎಂದು ನಂಬಿದ ಹೆಂಗಸು. ನನ್ನ ಕೈಯಿಂದಲೇ ತೆಗೆಯುತ್ತೇನೆ ಎಂದು ವಿಶಾಖಾ ಮಾತು ಕೊಟ್ಟ ಮೇಲೆಯೇ ಬಸ್ಸು ಹತ್ತಿದ್ದಳು.

ಕುರ್ಚಿಯ ಆಚೆ ಬದಿಗೆ ಮಿನಾಜ ನಿಂತಿದ್ದಳು. ಕೊನೆಯ ವರ್ಷದ ವಿದ್ಯಾರ್ಥಿನಿ, ಪರೀಕ್ಷೆ ಹತ್ತಿರ ಬಂದಿತ್ತು. ಇಂಥ ತೊಡಕಿನ ಹಲ್ಲನ್ನು ಅವಳು ಇನ್ನೂ ಒಂದೂ ತೆಗೆದಿರಲಿಲ್ಲ. ಹುಡುಗಿಗೆ ಕೊಟ್ಟರೆ ಹೊತ್ತಾಗುತ್ತದೆ ಎಂದು, ಬಂದದ್ದನ್ನೆಲ್ಲ ವಿಶಾಖಾ ತಾನೇ ಸರಸರ ಮುಗಿಸಿ ತಿಕೋಟಾದ ಹಾದಿ ಹಿಡಿಯುತ್ತಿದ್ದಳು. ಮಿನಾಜ ಎಂದೂ ಎದುರಾಡಿದವಳಲ್ಲ. ಈಗಲೂ ಕೈಗವಸು ತೊಟ್ಟ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತಿದ್ದಳು, ಅಷ್ಟೆ. ಹೀಗೆ ನಿಂತೇ ಡಿಗ್ರಿ ತೆಗೆದುಕೊಂಡು ಹೋದರೆ ನಾಳೆ ಇವಳು ಯಾರದೋ ದವಡೆ ಮುರಿಯುತ್ತಾಳೆ ಅನ್ನಿಸಿತು ವಿಶಾಖಾಳಿಗೆ.

ಕೆನ್ನೆ ಮರಗಟ್ಟಿಸುವ ಸೂಜಿಯನ್ನು ವಿಶಾಖಾ ತಾನೇ ಚುಚ್ಚಿದಳು. ಆಮೇಲೆ ಚಾಕು ಎತ್ತಿಕೊಂಡು, ಒಂದು ಗಳಿಗೆ ಹಿಡಿದಿದ್ದು, ಮಿನಾಜಳ ಕಡೆ ಚಾಚಿದಳು. ಹುಡುಗಿ ಕಣ್ಣಿನಲ್ಲೇ ಬೇಡ ಎಂದಳು. ವಿಶಾಖಾ ಚಾಕುವನ್ನು ಅವಳ ಅಂಗೈಯಲ್ಲಿ ಇಟ್ಟೇಬಿಟ್ಟಳು.

ಎಲ್ಲಿ ಕೊರೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬೆರಳಿನಿಂದ ತೋರಿಸುತ್ತ, ಬಾಯಲ್ಲಿ ಮಾತ್ರ ವಿಶಾಖಾ ಊರಿನ ಮಾತು ಆಡತೊಡಗಿದಳು. ಈ ಸಲ ದ್ರಾಕ್ಷಿ ಹೇಗೆ, ಮಗಳಿಗೆ ಗಂಡು ಗೊತ್ತಾಯಿತೇ, ಹೀಗೆ. ಚಂದ್ರಾಬಾಯಿ ಗಂಟಲಲ್ಲೇ ಹೂಂ ಎನ್ನುತ್ತಿದ್ದಳು. ಮಿನಾಜ ಮತ್ತೆ ಮತ್ತೆ ನಿಂತು ನೋಡಿ, ಎಲುಬನ್ನು ಸ್ವಲ್ಪ ಸ್ವಲ್ಪವೇ ಸವೆಸಿ, ಹಲ್ಲನ್ನು ಹೋಳು ಮಾಡಿ ತೆಗೆದಳು. ಬಹಳ ಹೊತ್ತು ಹಿಡಿಯಿತು. ತಿಕೋಟಾದಿಂದ ಬಂದ ಫೋನು ಮೂಲೆಯಲ್ಲಿ ಹೊಡೆದುಕೊಂಡು ತಾನಾಗಿ ಸುಮ್ಮನಾಯಿತು.

ಬಟ್ಟೆ ಸರಿಸುವ ಹೊತ್ತಿಗೆ ಇಬ್ಬರೂ ಜಾಗ ಬದಲಿಸಿಕೊಂಡಿದ್ದರು. ಚಂದ್ರಾಬಾಯಿ ಹತ್ತಿ ಕಚ್ಚಿಕೊಂಡೇ ವಿಶಾಖಾಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅವಳು ಹೋದ ಮೇಲೆ ಮಿನಾಜ ಮೆಲ್ಲಗೆ ಬಾಯಿ ಬಿಟ್ಟಳು.

"ಮೇಡಮ್, ಆಕಿಗೆ ಹೇಳಬೇಕಿತ್ತೇನ್ರಿ?"

"ಹೇಳಿದ್ರ ಬಾಯಿನ ತಗೀತಿದ್ದಿಲ್ಲ ಆಕಿ."

ತಿಂಗಳ ಮೇಲೆ, ಬಲಗಡೆಯ ಹಲ್ಲಿಗೆ, ಚಂದ್ರಾಬಾಯಿ ನೇರ ತಿಕೋಟಾಕ್ಕೇ ಬಂದಳು. ಇದು ಅಷ್ಟು ಆಳದಲ್ಲಿರಲಿಲ್ಲ. ಈ ಸಲವಾದರೂ ಕೊಟ್ಟ ಮಾತು ನಡೆಸಬೇಕೆಂದು ವಿಶಾಖಾ, ನೆರವಿಗೆ ಬರುತ್ತೇನೆಂದ ಮಿನಾಜಳನ್ನೂ ಬೇಡವೆಂದು, ತಾನೊಬ್ಬಳೇ ಕೂತಳು. ಅಂದು ಬೆಳಿಗ್ಗೆ ಕಾಲೇಜಿನಲ್ಲಿ ಪಾಠ, ಮಧ್ಯಾಹ್ನ ಬಬಲೇಶ್ವರದಲ್ಲಿ ತಪಾಸಣೆ ಶಿಬಿರ ಮುಗಿಸಿ ಬಂದಿದ್ದಳು. ಹೊರಗೆ ಬೆಂಚು ತುಂಬಿತ್ತು. ಊರಿನ ಮಾತಿಗೆ ಪುರಸೊತ್ತು ಸಿಗಲಿಲ್ಲ. ನೋಡುತ್ತಿದ್ದಂತೆ ಹಲ್ಲು ಬಟ್ಟಲಿಗೆ ಬಿತ್ತು; ತುಟಿಯ ಅಂಚೂ ತುಸು ಹರಿದಿತ್ತು.

ಚಂದ್ರಾಬಾಯಿ ಕೆನ್ನೆಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ಬೆಂಚಿನ ಮೇಲಿದ್ದವರು ಹೇಗಾಯಿತೆಂದು ಕೇಳಿರಬೇಕು. ಅರೆತೆರೆದ ಬಾಗಿಲಿನಿಂದ ಅವಳ ತೊದಲು ಮಾತು ಒಳಗೆ ಕೇಳಿಸಿತು.

"ಅಕ್ಕಾರ ಕೈ ಇಲ್ಲಿ ಭಾಳ ಒಜ್ಜಿ ಐತ್ರಿ. ಕಾಲೇಜಿನ್ಯಾಗ ಹೂವಿನಂಗ ಇರತೈತಿ. ತೆಗಸೂದಿದ್ರ ಅಲ್ಲೇ ಹೋಗ್ರಿ. ಆದ್ರ ಆ ಹುಡುಗ್ರ ಕೈಯಾಗ ಸಿಗಬ್ಯಾಡ್ರಿ, ಇವ್ರ ಕಡಿಂದನ ತೆಗಸ್ಕೋರಿ."